ಒಂದೇ ರಾತ್ರಿಯಲ್ಲಿ ಹೋದ ಕಿವಿ

ಪ್ರಶ್ನೆ: ನನಗೆ 52 ವರ್ಷ. ಶಿರಸಿ ಹತ್ತಿರ ಅಡಿಕೆ ತೋಟ ಇದೆ. ಎರಡು ತಿಂಗಳ ಹಿಂದೆ ಬೆಳಿಗ್ಗೆ ಎದ್ದು ಎಡಗಿವಿಗೆ ಫೋನ್ ಇಟ್ಟರೆ ಏನೂ ಕೇಳಲಿಲ್ಲ. ಗುಗ್ಗೆ ಕಟ್ಟಿದೆ ಅಂದುಕೊಂಡು ಎಣ್ಣೆ ಬಿಟ್ಟೆ. ಮೂರನೇ ದಿನ ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಎರಡು ವಾರದಲ್ಲಿ ಕಿವಿ ಬಹುಪಾಲು ಸರಿಹೋಯಿತು. ಆದರೂ ಎಂಆರ್‌ಐ ಮಾಡಿಸಿದರು. 9 ಮಿಲಿಮೀಟರ್ ಗೆಡ್ಡೆ ಕಾಣಿಸಿದೆ. ಕ್ಯಾನ್ಸರ್ ಅಲ್ಲ, ನಿಧಾನಕ್ಕೆ ಬೆಳೆಯುವಂಥದ್ದು ಅನ್ನುತ್ತಾರೆ. ಹಾಗಿದ್ದರೆ ಕಿವಿ ಒಂದೇ ರಾತ್ರಿ ಹೇಗೆ ಹೋಯಿತು? ಮಾತ್ರೆಗೆ ಹೇಗೆ ವಾಪಸ್ ಬಂತು?

ಉತ್ತರ: ಮೊದಲು ನಿಮ್ಮ ಡಾಕ್ಟರಿಗೆ ಒಂದು ನಮಸ್ಕಾರ. ಕಿವಿ ಸರಿಹೋದ ಮೇಲೂ ಸ್ಕ್ಯಾನ್ ಮಾಡಿಸಿದರಲ್ಲ, ಅದಕ್ಕೆ. ನಾನು ಪ್ರಾಕ್ಟೀಸ್ ಶುರು ಮಾಡಿದ ಹೊಸತರಲ್ಲಿ ನಿಮ್ಮ ಹಾಗೇ ಒಬ್ಬ ಮೇಷ್ಟ್ರು ಬಂದಿದ್ದರು. ಮಾತ್ರೆಗೆ ಕಿವಿ ಕೇಳಿಸಿತು. ‘ಇನ್ನೇನೂ ಬೇಡ, ಹೋಗಿ’ ಎಂದುಬಿಟ್ಟೆ. ಆರು ವರ್ಷದ ಮೇಲೆ ಗೋಡೆ ಹಿಡಿದು ನಡೆಯುತ್ತಾ ಬಂದರು. ಗೆಡ್ಡೆ ಅಷ್ಟರಲ್ಲಿ ಮಿದುಳಿನ ಪಕ್ಕಕ್ಕೇ ಬಂದಿತ್ತು.

ನಿಮಗಿರುವುದು ವೆಸ್ಟಿಬ್ಯುಲರ್ ಶ್ವಾನೋಮಾ. ಕಿವಿನರದ ಗೆಡ್ಡೆ ಅಂತೀವಿ, ಆದರೆ ಹುಟ್ಟುವುದು ಪಕ್ಕದ ಬ್ಯಾಲೆನ್ಸ್ ನರದ ಹೊದಿಕೆಯಲ್ಲಿ. ಬೆಳೆದರೂ ಸಾಮಾನ್ಯವಾಗಿ ವರ್ಷಕ್ಕೆ 1–2 ಮಿಲಿಮೀಟರ್. ಈ ನರಗಳು ಹೋಗುವುದು ಸುಮಾರು ಒಂದು ಸೆಂಟಿಮೀಟರ್ ಉದ್ದದ ಮೂಳೆಯ ಕೊಳವೆಯಲ್ಲಿ. ಒಳಗಿವಿಗೆ ರಕ್ತ ಕೊಡುವ ಸಣ್ಣ ರಕ್ತನಾಳವೂ ಅದರಲ್ಲೇ. ಬದಲಿ ದಾರಿ ಇಲ್ಲ. ನಿಮ್ಮ ತೋಟದ ಡ್ರಿಪ್ ಪೈಪ್ ಮೇಲೆ ಕಲ್ಲು ಕೂತ ಹಾಗೆ: ಕಲ್ಲು ಜರುಗುವುದು ನಿಧಾನ, ನೀರು ನಿಲ್ಲುವುದು ಒಂದು ದಿನ. ಸ್ಟೀರಾಯ್ಡ್ ನರದ ಊತ ಇಳಿಸಿರಬೇಕು. ಕಲ್ಲು ಅಲ್ಲೇ ಇದೆ.

ಹಠಾತ್ತಾಗಿ ಕಿವುಡಾದವರಲ್ಲಿ ಹೀಗೆ ಗೆಡ್ಡೆ ಸಿಗುವುದು 100ಕ್ಕೆ 1ರಿಂದ 5 ಜನರಲ್ಲಿ ಅಷ್ಟೆ. ಇನ್ನೂ ಅಪರೂಪಕ್ಕೆ ಗೆಡ್ಡೆಯೊಳಗೇ ರಕ್ತ ಸೋರುತ್ತದೆ. ಆಗ ಜೋರು ತಲೆನೋವು, ವಾಂತಿ, ಕೆಲವೊಮ್ಮೆ ಬಾಯಿ ಸೊಟ್ಟಗಾಗುವುದು. ಹಾಗಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಈಗಲೇ ಡಾಕ್ಟರಿಗೆ ಹೇಳಿ.

ಇಷ್ಟು ಸಣ್ಣದಕ್ಕೆ ಆಪರೇಷನ್ ಆತುರ ಬೇಡ. ಸಾಮಾನ್ಯವಾಗಿ ಆರು ತಿಂಗಳಿಗೆ ಇನ್ನೊಂದು ಎಂಆರ್‌ಐ ಮಾಡಿಸಿ ನೋಡುತ್ತಾರೆ. ಬೆಳೆದರೆ ಗಾಮಾ ನೈಫ್ ಇದೆ, ಅಂದರೆ ಕೊಯ್ಯದೆ ಗೆಡ್ಡೆಗೇ ಗುರಿಯಿಟ್ಟು ಕೊಡುವ ವಿಕಿರಣ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಸಿಗುತ್ತದೆ. ಅಲ್ಲಿಯವರೆಗೆ ಆಗಾಗ ಎಡಗಿವಿಗೇ ಫೋನ್ ಇಟ್ಟು ನೋಡಿ. ದನಿ ಕೇಳಿಸಿಯೂ ಮಾತು ತಿಳಿಯದಿದ್ದರೆ ಆರು ತಿಂಗಳು ಕಾಯಬೇಡಿ. ಎಣ್ಣೆ ಮಾತ್ರ ಇನ್ನು ಬೇಡ.