ಹಳೆಯ ಕನ್ನಡ ಹಾಡುಗಳಿಗೆ ನಾನೇ ಆಲ್ಬಂ ಕವರ್ ಮಾಡಬೇಕು: ಫೋಟೋಶಾಪ್, ಕ್ಯಾನ್ವಾ, ಎಐ, ಯಾವುದು ಕಲಿಯಲಿ?

ಅಪ್ಪನ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿದ್ದೀರಿ, 40 ಸಿನಿಮಾಗಳ ಹಾಡು, ಒಂದಕ್ಕೂ ನೆಟ್ಟಗಿನ ಕವರ್ ಇಲ್ಲ, ಸಿಡಿ ಡಬ್ಬಿಗೆ ಹಾಕಿ ಅವರ ಕೈಗೆ ಕೊಡಬೇಕು. ನಾನು ಶುರುಮಾಡಿದ್ದೂ ಹೀಗೆಯೇ, ಕೇಳಿದ ಪ್ರಶ್ನೆಯೂ ಇದೇ. ಆ ಪ್ರಶ್ನೆಯೇ ನನಗೆ ದುಡ್ಡು ಕಳೆಯಿತು. ಯಾವ ಸಾಫ್ಟ್‌ವೇರ್ ಅನ್ನುವುದರಲ್ಲೇ ಮುಳುಗಿದ್ದವನು ಅಕ್ಷರದ ಕಡೆ ನೋಡಲೇ ಇಲ್ಲ.

ನನ್ನ ಮೊದಲ ಕವರ್ ‘ಕಸ್ತೂರಿ ನಿವಾಸ’ದ್ದು. 1971ರ ಚಿತ್ರ, ಜಿ. ಕೆ. ವೆಂಕಟೇಶ್ ಸಂಗೀತ. ಹಳೆಯ ಹಾಡು ಕೇಳುವ ನಮ್ಮ ಗುಂಪಿಗೆಂದು 60 ಪ್ರತಿ ಮಾಡಿಸಲು ಹೊರಟೆ. ಫೋಟೋಶಾಪ್ ಕಡತವನ್ನು ಹಾಗೇ ಪೆನ್‌ಡ್ರೈವಿಗೆ ಹಾಕಿ ಮುದ್ರಣದವರ ಕೈಗೆ ಕೊಟ್ಟೆ. ಸಂಜೆ ಫೋನ್ ಬಂತು: ‘ಫಾಂಟ್ ಇಲ್ಲ, ಟೆಕ್ಸ್ಟ್ ಅಪ್‌ಡೇಟ್ ಮಾಡ್ಲಾ ಅಂತ ಕೇಳ್ತಿದೆ, ಓಕೆ ಕೊಡ್ಲಾ?’ ‘ಕೊಡಿ’ ಅಂದೆ. ಮಾರನೆಯ ದಿನ ಕತ್ತರಿಸಿ, ಲ್ಯಾಮಿನೇಶನ್ ಮಾಡಿ, ಮಡಿಸಿ ಕೊಟ್ಟ 60 ಕವರ್‌ಗಳ ಮೇಲೂ ‘ಕಸ್‌ತೂರಿ ನಿವಾಸ’ ಎಂದಿತ್ತು. ಹಿಂದೆ ಗಾಯಕರ ಸಾಲಿನಲ್ಲಿ ಪಿ. ಬಿ. ‘ಶ್‌ರೀನಿವಾಸ್’. ಅಷ್ಟನ್ನೂ ಎಸೆದು ಮತ್ತೆ ಮಾಡಿಸಿದೆ. ತಪ್ಪು ಅವರದಲ್ಲ, ನನ್ನದು.

ಏನಾಯಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಉದ್ದವಾದರೂ ಓದಿ. ಯೂನಿಕೋಡ್ ಕನ್ನಡದಲ್ಲಿ ‘ಸ್ತೂ’ ಒಂದೇ ಅಕ್ಷರವಾಗಿ ಉಳಿದಿರುವುದಿಲ್ಲ. ಸ, ಹಲಂತ, ತ, ದೀರ್ಘದ ಕೊಂಬು ಎಂದು ನಾಲ್ಕು ತುಂಡುಗಳು ಸಾಲಾಗಿ ಕೂತಿರುತ್ತವೆ. ತ ಕೆಳಗಿಳಿದು ಒತ್ತಾಗಬೇಕು, ಕೊಂಬು ಸರಿಯಾದ ಜಾಗ ಹಿಡಿಯಬೇಕು ಅನ್ನುವುದನ್ನು ಫಾಂಟಿನೊಳಗಿನ ನಿಯಮಗಳು ಹೇಳುತ್ತವೆ. ಆ ನಿಯಮ ಓದಿ ಜೋಡಿಸುವ ಎಂಜಿನ್ ಸಾಫ್ಟ್‌ವೇರಿನಲ್ಲಿ ಇರಬೇಕು. ಹಳೆಯ ಫೋಟೋಶಾಪಿನ ಸಾಮಾನ್ಯ ಆವೃತ್ತಿಗಳಲ್ಲಿ ಅದು ಇರಲಿಲ್ಲ. ಹೊಸದರಲ್ಲಿ ಇದೆ, ಆದರೆ ಆವೃತ್ತಿ ನೋಡಿಕೊಂಡು ನೀವೇ ಆರಿಸಿಕೊಳ್ಳಬೇಕಾಗಬಹುದು: ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ವರ್ಲ್ಡ್ ರೆಡಿ ಲೇಔಟ್’ (ಸ್ವಲ್ಪ ಹಳೆಯದರಲ್ಲಿ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷಿಯನ್’). ಬರೆದಿದ್ದ ಸಾಲಿಗೆ ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲೂ ಅದನ್ನೇ ಕೊಡಬೇಕು.

ಮೋಸ ಎಲ್ಲಿ ಅಂದರೆ, ಕಡತ ತೆರೆದಾಗ ಮೊದಲು ಕಾಣುವುದು ಅಕ್ಷರದ ಉಳಿಸಿಟ್ಟ ಚಿತ್ರ ಮಾತ್ರ. ಬೇರೆ ಯಂತ್ರದಲ್ಲೂ ಅದು ಚೆನ್ನಾಗಿಯೇ ಕಾಣುತ್ತದೆ. ‘ಅಪ್‌ಡೇಟ್’ ಒತ್ತಿದ ಕ್ಷಣ ಆ ಯಂತ್ರ ತನ್ನ ಫಾಂಟು, ತನ್ನ ಎಂಜಿನ್ ಬಳಸಿ ಎಲ್ಲವನ್ನೂ ಹೊಸದಾಗಿ ಬರೆಯುತ್ತದೆ. ಒತ್ತು ಇಲ್ಲದ ‘ನಿವಾಸ’, ‘ವೆಂಕಟೇಶ್’ ಕೊಂಚ ಸರಿದರೂ ಮೇಲ್ನೋಟಕ್ಕೆ ಓದಲು ಬರುತ್ತವೆ. ಅದಕ್ಕೇ ವಾಟ್ಸಾಪಿನಲ್ಲಿ ಬಂದ ಸಣ್ಣ ಪ್ರೂಫ್ ನೋಡಿದಾಗ ನನ್ನ ಕಣ್ಣು ತಪ್ಪಿತು. ಒತ್ತಕ್ಷರ, ಅರ್ಕಾವತ್ತು, ಶ್ರೀ, ಕ್ಷ ಇರುವ ಕಡೆಯೇ ಹೆಚ್ಚಾಗಿ ಒಡೆಯುತ್ತದೆ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದರೆ ಪರಿಣಾಮ ಇನ್ನೊಂದು ಥರ. ಅಲ್ಲಿ ಕನ್ನಡದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ, ಫಾಂಟ್ ಇಲ್ಲದ ಯಂತ್ರದಲ್ಲಿ ಇಡೀ ಸಾಲು ಇಂಗ್ಲಿಷಿನ ಕಲಸುಮೇಲೋಗರ ಆಗುತ್ತದೆ. ಅದು ಕಣ್ಣಿಗೆ ಹೊಡೆಯುವುದರಿಂದ ಅಪಾಯ ಕಡಿಮೆ. ಅರ್ಧ ಸರಿ, ಅರ್ಧ ತಪ್ಪು ಇರುವುದೇ ಮುದ್ರಣದವರೆಗೆ ನುಸುಳುತ್ತದೆ.

ಪರಿಹಾರ ಒಂದೇ. ಕಡತ ನಿಮ್ಮ ಯಂತ್ರ ಬಿಡುವ ಮುಂಚೆ ಅಕ್ಷರ ಅಕ್ಷರವಾಗಿ ಉಳಿಯಬಾರದು, ಆಕಾರವಾಗಬೇಕು. ಡಿಟಿಪಿಯವರು ‘ಕರ್ವ್ ಮಾಡಿ ಕೊಡಿ’ ಅನ್ನುವುದು ಇದನ್ನೇ. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ, ಇಲಸ್ಟ್ರೇಟರ್‌ನಲ್ಲಿ ಕಂಟ್ರೋಲ್ ಶಿಫ್ಟ್ ಓ, ಇಂಕ್‌ಸ್ಕೇಪಿನಲ್ಲಿ ಕಂಟ್ರೋಲ್ ಶಿಫ್ಟ್ ಸಿ, ಫೋಟೋಶಾಪಿನಲ್ಲಿ ಟೈಪ್ ಮೆನುವಿನ ‘ಕನ್ವರ್ಟ್ ಟು ಶೇಪ್’. ಕ್ಯಾನ್ವಾ ಬಳಸಿದರೆ ಇಳಿಸುವಾಗ ‘ಪಿಡಿಎಫ್ ಪ್ರಿಂಟ್’ ಆರಿಸಿ ‘ಫ್ಲಾಟನ್’ಗೆ ಗುರುತು ಹಾಕಿ. ತಿದ್ದಲು ಬರುವ ಮೂಲ ಕಡತವನ್ನು ಬೇರೆ ಹೆಸರಿನಲ್ಲಿ ಮನೆಯಲ್ಲೇ ಇಟ್ಟುಕೊಳ್ಳಿ. ಹೊರಗೆ ಹೋಗುವುದು ಪಿಡಿಎಫ್ ಮಾತ್ರ.

ಇದರ ತದ್ವಿರುದ್ಧದ ತೊಂದರೆಯೂ ಉಂಟು. ‘ರಾಜ್‌ಕುಮಾರ್’ ಹೆಸರಿನಲ್ಲಿ ಜ್ ಆದಮೇಲೆ ಕಣ್ಣಿಗೆ ಕಾಣದ ತಡೆಗುರುತು ಒಂದಿದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಂಟಿಸುವಾಗ ಅದು ಬಿದ್ದುಹೋದರೆ ‘ರಾಜ್ಕುಮಾರ್’ ಆಗುತ್ತದೆ. ಹಳೆಯ ಕನ್ನಡ ಹಾಡುಗಳ ಕವರ್‌ನಲ್ಲಿ ಈ ಹೆಸರು ಎಷ್ಟು ಸಲ ಬರುತ್ತದೆ ಅನ್ನುವುದು ನಿಮಗೇ ಗೊತ್ತು. ಆಕಾರ ಮಾಡುವ ಮುಂಚೆ ಒಮ್ಮೆ ಹುಡುಕಿ ನೋಡಿ.

ಹಾಗಾಗಿ ಮೂರರಲ್ಲಿ ಯಾವುದು ಅಂದರೆ, ಮೂರೂ ಬೇಡ. ಇಂಕ್‌ಸ್ಕೇಪ್ ಮತ್ತು ಗಿಂಪ್ ಹಾಕಿಕೊಳ್ಳಿ. ಎರಡೂ ಉಚಿತ, ಎರಡೂ ಯಾವ ಸೆಟ್ಟಿಂಗೂ ಮುಟ್ಟದೆ ಒತ್ತಕ್ಷರವನ್ನು ಸರಿಯಾಗಿ ಜೋಡಿಸುತ್ತವೆ. ಫೋಟೋ ಕೆಲಸ ಗಿಂಪಿನಲ್ಲಿ, ಅಕ್ಷರ ಮತ್ತು ಜೋಡಣೆ ಇಂಕ್‌ಸ್ಕೇಪಿನಲ್ಲಿ. ಫಾಂಟ್ ಬೇಕಾದರೆ ಬಾಲೂ ತಮ್ಮ, ಬೆಣ್ಣೆ, ಅಕಾಯ ಕನಡಕ, ಅನೇಕ್ ಕನ್ನಡ, ಟಿರೊ ಕನ್ನಡ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಆದರೆ 60, 70ರ ದಶಕದ ಚಿತ್ರಕ್ಕೆ ಶೀರ್ಷಿಕೆ ಕೈಬರಹವೇ ಆಗಬೇಕು ಅನ್ನುವುದು ನನ್ನ ಹಟ. ಆ ಕಾಲದ ಶೀರ್ಷಿಕೆಗಳನ್ನು ಕಲಾವಿದರು ಕುಂಚದಲ್ಲಿ ಬರೆಯುತ್ತಿದ್ದರು, ಒತ್ತಿನ ಬಾಲವನ್ನು ಹೆಸರಿನ ಕೆಳಗೆ ಅಡ್ಡಗೆರೆಯಾಗಿ ಎಳೆಯುತ್ತಿದ್ದರು. ಫಾಂಟಿನಲ್ಲಿ ಆ ಸೊಗಸು ಬರುವುದಿಲ್ಲ. ಬಿಳಿ ಹಾಳೆಯ ಮೇಲೆ ಚಪ್ಪಟೆ ಕುಂಚ, ಕಪ್ಪು ಪೋಸ್ಟರ್ ಬಣ್ಣದಲ್ಲಿ ಹತ್ತು ಸಲ ದೊಡ್ಡದಾಗಿ ಬರೆಯಿರಿ, ಒಳ್ಳೆಯದೊಂದನ್ನು ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪಿನ ‘ಟ್ರೇಸ್ ಬಿಟ್‌ಮ್ಯಾಪ್’ನಿಂದ ಆಕಾರವಾಗಿಸಿ. ಒಡೆಯಲು ಅಲ್ಲಿ ಫಾಂಟೇ ಇರುವುದಿಲ್ಲ.

ಎಐ ವಿಷಯದಲ್ಲಿ ಖಡಾಖಂಡಿತವಾಗಿ ಹೇಳುತ್ತೇನೆ. ಸಣ್ಣ ಚಿತ್ರ ಹಿಗ್ಗಿಸುವ ಸಾಧನಗಳು ಎಷ್ಟೋ ಸಲ ಕನ್ನಡ ಒತ್ತುಗಳನ್ನು ಗೀರು ಎಂದುಕೊಂಡು ಅಳಿಸುತ್ತವೆ, ಇಲ್ಲವೆ ಇಲ್ಲದ ಆಕಾರ ಕಟ್ಟುತ್ತವೆ. ಕಲಾವಿದರ ಮುಖದಲ್ಲಿ ಬೇರೆ ಯಾರದೋ ಕಣ್ಣು ಮೂಡುತ್ತದೆ. ನಿಮ್ಮ ಅಪ್ಪನಿಗೆ ಆ ಮುಖಗಳು ಮನೆಯವರಷ್ಟು ಪರಿಚಯ, ಕೂಡಲೇ ಗೊತ್ತಾಗುತ್ತದೆ. ಹಿನ್ನೆಲೆಯ ಗೋಡೆ, ಆಕಾಶಕ್ಕೆ ಬೇಕಾದರೆ ಬಳಸಿ, ಮುಖ ಮತ್ತು ಅಕ್ಷರಕ್ಕೆ ಬೇಡ.

ಚಿತ್ರಕ್ಕೆ ಒಳ್ಳೆಯ ಮೂಲ ಹಳೆಯ ರೆಕಾರ್ಡಿನ ಹೊದಿಕೆ. ಎಲ್‌ಪಿ ಹೊದಿಕೆ ಸುಮಾರು 315 ಮಿಮೀ ಚೌಕ, ಎ4 ಸ್ಕ್ಯಾನರಿನ ಗಾಜು 216ಕ್ಕೆ 297. ಅಂದರೆ ಅಂಚುಗಳು ಒಂದರ ಮೇಲೊಂದು ಬರುವಂತೆ ನಾಲ್ಕು ಸಲ ಸ್ಕ್ಯಾನ್ ಮಾಡಿ ಜೋಡಿಸಬೇಕು. 600 ಡಿಪಿಐ (ಇಂಚಿಗೆ 600 ಚುಕ್ಕಿ), ಟಿಫ್ ಕಡತ, ಸ್ಕ್ಯಾನರಿನ ಶಾರ್ಪನಿಂಗ್ ಬಂದ್. ಹಳೆಯ ಮುದ್ರಣ ಸಣ್ಣ ಚುಕ್ಕಿಗಳಿಂದ ಆದದ್ದು, 300ರಲ್ಲೇ ಸ್ಕ್ಯಾನ್ ಮಾಡಿದರೆ ಆ ಚುಕ್ಕಿಗಳ ಸಾಲು ಸ್ಕ್ಯಾನರಿನ ಸಾಲಿಗೆ ತಾಕಿ ಅಲೆಅಲೆಯಾದ ಜಾಲರಿ ಮೂಡುತ್ತದೆ. 600ರಲ್ಲಿ ತೆಗೆದು, ಚಿತ್ರ ತುಸು ಮಸುಕು ಮಾಡುವ ಗಾಸಿಯನ್ ಬ್ಲರ್ 2 ಪಿಕ್ಸೆಲ್‌ನಷ್ಟು ಕೊಟ್ಟು, ಆಮೇಲೆ 300ಕ್ಕೆ ಇಳಿಸಿ. ಕಾಗದದ ಹಳದಿಯನ್ನು ಪೂರ್ತಿ ತೆಗೆಯಬೇಡಿ, ತೆಗೆದರೆ ಚರ್ಮದ ಬಣ್ಣ ನೀಲಿಗೆ ತಿರುಗುತ್ತದೆ.

ರೆಕಾರ್ಡ್ ಸಿಗದಿದ್ದರೆ ಸಿನಿಮಾದ ಒಂದು ಚೌಕಟ್ಟು. 1080 ಸಾಲಿನ ವಿಡಿಯೊದಿಂದ ಚೌಕವಾಗಿ ಕತ್ತರಿಸಿದ ಚಿತ್ರ ಸಿಡಿ ಕವರಿನ ಅಳತೆಯಲ್ಲಿ (ಸುತ್ತಲಿನ ಹೆಚ್ಚುವರಿ ಅಂಚು ಸೇರಿ 126 ಮಿಮೀ) ಸುಮಾರು 218 ಡಿಪಿಐ ಬರುತ್ತದೆ, ಕೈಯಲ್ಲಿ ಹಿಡಿದು ನೋಡಲು ಸಾಕು. ಡಿವಿಡಿಯ 576 ಸಾಲಿನದಾದರೆ 116 ಮಾತ್ರ. ಅದನ್ನು ಚೊಕ್ಕ ಮಾಡಲು ಒದ್ದಾಡದೆ ಎರಡೇ ಬಣ್ಣಕ್ಕೆ ಇಳಿಸಿ, ಒರಟು ಚುಕ್ಕಿ ಕೊಟ್ಟು ಹಳೆಯ ಪೋಸ್ಟರಿನಂತೆ ಮಾಡಿ. ಒಂದು ಮಾತು: ನಾಯಕನ ಮುಖವೇ ಬೇಕು ಅಂತೇನಿಲ್ಲ. ಇದು ಸಿನಿಮಾ ಪೋಸ್ಟರ್ ಅಲ್ಲ, ಸಂಗೀತದ ಹೊದಿಕೆ. ಸಂಗೀತ ನಿರ್ದೇಶಕರ ಹೆಸರು ಚಿತ್ರದ ಹೆಸರಿನ ಅರ್ಧದಷ್ಟಾದರೂ ದೊಡ್ಡದಿರಲಿ. ಹಿಂದೆ ಪ್ರತಿ ಹಾಡಿಗೂ ಗೀತರಚನೆಕಾರರು, ಗಾಯಕರು, ನಿಮಿಷ ಹಾಕಿ. ಕ್ಯಾಸೆಟ್ ಒಳಕಾಗದದಲ್ಲಿ ಆ ಹೆಸರು ಬಿಟ್ಟುಹೋಗಿದ್ದರೆ ಸಿನಿಮಾದ ಶೀರ್ಷಿಕೆ ಪಟ್ಟಿಯನ್ನೇ ನೋಡಿ ಬರೆದುಕೊಳ್ಳಿ.

ಅಳತೆ. ಮುಂದಿನ ಕಾಗದ ಕತ್ತರಿಸಿದ ಮೇಲೆ 120ಕ್ಕೆ 120 ಮಿಮೀ. ಸುತ್ತ 3 ಮಿಮೀ ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಸೇರಿ 126, ಅಂದರೆ 300 ಡಿಪಿಐನಲ್ಲಿ 1488 ಪಿಕ್ಸೆಲ್. ಹಿಂದಿನದು 151ಕ್ಕೆ 118, ಬ್ಲೀಡ್ ಸೇರಿ 157ಕ್ಕೆ 124. ಆ 151ರಲ್ಲಿ ಎಡಬಲಕ್ಕೆ 6.5 ಮಿಮೀ ಮಡಿಕೆಗಳು, ಅವೇ ಡಬ್ಬಿಯ ಬೆನ್ನು. ಎರಡೂ ಬೆನ್ನುಗಳಲ್ಲಿ ಅಕ್ಷರದ ತಲೆ ಹೊರ ಅಂಚಿನ ಕಡೆಗಿರಬೇಕು, ಆಗ ಡಬ್ಬಿ ಮಲಗಿಸಿದಾಗ ಯಾವ ಪಕ್ಕದಿಂದಲೂ ನೆಟ್ಟಗೆ ಓದಬಹುದು. ಇಂಗ್ಲಿಷಿಗೆಂದು ಮಾಡಿದ ಟೆಂಪ್ಲೇಟುಗಳಲ್ಲಿ ಬೆನ್ನಿಗೆ 12 ಪಾಯಿಂಟ್ ಇರಬಹುದು. ಕನ್ನಡಕ್ಕೆ ಅದು ಆಗದು. ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಬಂದರೆ 6.5 ಮಿಮೀ ತುಂಬಿ ಒತ್ತು ಮಡಿಕೆಯೊಳಗೆ ಹೋಗುತ್ತದೆ. 9 ಪಾಯಿಂಟಿಗೆ ನಿಲ್ಲಿಸಿ.

ಕಾಗದ ದಪ್ಪವಿದ್ದರೆ ಚೆನ್ನ ಎಂದು 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಆರ್ಟ್ ಕಾರ್ಡ್ ಹೇಳಬೇಡಿ. ಮಡಿಸಿದರೆ ಮುಚ್ಚಳದ ಹಲ್ಲುಗಳ ಕೆಳಗೆ ಜಾರುವುದೇ ಇಲ್ಲ, ಮಡಿಕೆಯಲ್ಲಿ ಬಣ್ಣ ಸೀಳುತ್ತದೆ. ಮುಂದಿನದಕ್ಕೆ 130ರಿಂದ 170, ಹಿಂದಿನದಕ್ಕೆ 170, ಮಡಿಸುವ ಮುಂಚೆ ಕ್ರೀಸಿಂಗ್ (ಮಡಿಕೆಯ ಗೆರೆ ಒತ್ತುವುದು) ಕಡ್ಡಾಯ. ಸಣ್ಣ ಅಕ್ಷರ ಬರಿಯ ಕಪ್ಪು ಶಾಯಿಯಲ್ಲೇ ಬರಲಿ. ನಾಲ್ಕು ಬಣ್ಣ ಸೇರಿಸಿದ ಕಪ್ಪಾದರೆ ಕೂದಲೆಳೆಯಷ್ಟು ಸರಿದರೂ ಒತ್ತಿನ ಸಂದುಗಳು ಮುಚ್ಚಿ ಹೋಗುತ್ತವೆ. ಇಂಕ್‌ಸ್ಕೇಪ್ ಪರದೆಯ ಬಣ್ಣವಾದ ಆರ್‌ಜಿಬಿಯಲ್ಲೇ ಕೊಡುವುದರಿಂದ, ಆಕಾರಗಳನ್ನು ಪುಟ ಜೋಡಿಸುವ ಉಚಿತ ಸಾಫ್ಟ್‌ವೇರ್ ಸ್ಕ್ರೈಬಸ್‌ಗೆ ತಂದು ಅಲ್ಲಿ ಕಪ್ಪನ್ನು 100 ಮಾಡಿ, ಉಳಿದ ಮೂರನ್ನು ಸೊನ್ನೆ ಮಾಡಿ, ಪಿಡಿಎಫ್ ತೆಗೆಯಿರಿ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರವಾದರೆ 8 ಪಾಯಿಂಟಿಗಿಂತ ಸಣ್ಣದು ಬೇಡ, ತೆಳು ಫಾಂಟೂ ಬೇಡ.

ಕಂಪ್ಯೂಟರಿನ ಕಡತಗಳಿಗೆ ಬೇರೆಯದೇ ಚಿತ್ರ ಮಾಡಿ: 1400 ಪಿಕ್ಸೆಲ್ ಚೌಕ, ಎಸ್‌ಆರ್‌ಜಿಬಿ, ಬೇಸ್‌ಲೈನ್ ಜೆಪೆಗ್. ಪ್ರೋಗ್ರೆಸಿವ್ ಆಗಿ ಉಳಿಸಿದರೆ ಕೆಲವು ಕಾರ್ ಸ್ಟೀರಿಯೊಗಳಲ್ಲಿ ಕವರ್ ಬರುವುದೇ ಇಲ್ಲ. ಮುದ್ರಣಕ್ಕೆ ಮಾಡಿದ ಸಿಎಂವೈಕೆ (ನಾಲ್ಕು ಶಾಯಿಯ) ಚಿತ್ರ ಹಾಕಿದರೆ ಬಣ್ಣ ತಿರುಗುಮುರುಗಾಗಬಹುದು. ಹಾಡಿನ ಕಡತದೊಳಗೆ ಹೆಸರು, ಚಿತ್ರ ತುಂಬುವ ಎಂಪಿ3ಟ್ಯಾಗ್‌ನಲ್ಲಿ ಎಲ್ಲ ಹಾಡುಗಳನ್ನೂ ಒಟ್ಟಿಗೆ ಆರಿಸಿ ‘ಆಲ್ಬಂ ಆರ್ಟಿಸ್ಟ್’ ಜಾಗದಲ್ಲಿ ಸಂಗೀತ ನಿರ್ದೇಶಕರ ಹೆಸರನ್ನು ಒಂದೇ ಥರ ತುಂಬಿ. ಅದು ಖಾಲಿಯಿದ್ದರೆ ಹಲವು ಪ್ಲೇಯರ್‌ಗಳು ಗಾಯಕರ ಪ್ರಕಾರ ಒಂದೇ ಸಿನಿಮಾವನ್ನು ನಾಲ್ಕು ಆಲ್ಬಂ ಮಾಡುತ್ತವೆ. ಟ್ಯಾಗನ್ನು ಐಡಿ3 2.3 ಆವೃತ್ತಿಯಲ್ಲಿ, ಯುಟಿಎಫ್ 16 ಆಗಿ ಉಳಿಸಿ, ಕನ್ನಡ ಹೆಸರುಗಳು ಹೆಚ್ಚಿನ ಕಡೆ ಉಳಿಯುತ್ತವೆ.

ಕ್ಯಾಸೆಟ್ ಕಂಪನಿಯ ಲಾಂಛನವನ್ನು ನಿಮ್ಮ ವಿನ್ಯಾಸದ ಮೇಲೆ ಹಾಕಬೇಡಿ, ಒಂದು ಪ್ರತಿಯನ್ನೂ ಮಾರಬೇಡಿ. ಭಾರತದ ಕಾಯ್ದೆಯಲ್ಲಿ ಧ್ವನಿಮುದ್ರಣಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ, ಸಾಹಿತ್ಯ ಮತ್ತು ರಾಗದ ಹಕ್ಕು ಇನ್ನೂ ಉದ್ದ. ಹಿಂದಿನ ಕಾಗದದ ಮೂಲೆಯಲ್ಲಿ ‘ಅಭಿಮಾನಿ ವಿನ್ಯಾಸ, ಮಾರಾಟಕ್ಕಲ್ಲ’ ಎಂದು ಬರೆದರೆ ಮುಂದೆ ಇದು ಯಾರ ಕೈಗೆ ಹೋದರೂ ಮೂಲ ಪ್ರತಿ ಎಂದು ಗೊಂದಲವಾಗದು.

ಕೊನೆಯದಾಗಿ, 40ನ್ನೂ ಒಟ್ಟಿಗೆ ಶುರುಮಾಡಬೇಡಿ. ಅಪ್ಪ ದಿನವೂ ಗುನುಗುವ ಒಂದು ಚಿತ್ರ ಆರಿಸಿ, ಮೊದಲು ಮನೆಯ ಪ್ರಿಂಟರಿನಲ್ಲಿ ಸಾದಾ ಹಾಳೆಯ ಮೇಲೆ ತೆಗೆಯಿರಿ. ಅಲ್ಲಿ ‘ಫಿಟ್ ಟು ಪೇಜ್’ ಇದ್ದರೆ ತೆಗೆದು ‘ಆಕ್ಚುವಲ್ ಸೈಜ್’ ಮಾಡಿ, ಇಲ್ಲದಿದ್ದರೆ ಅಳತೆಯೆಲ್ಲ ಕುಗ್ಗುತ್ತದೆ. ಸ್ಕೇಲ್ ಇಟ್ಟು 120 ಇದೆಯೇ ನೋಡಿ, ಕತ್ತರಿಸಿ, ಡಬ್ಬಿಯೊಳಗೆ ಹಾಕಿ, ಹೆಸರುಗಳನ್ನು ಒಂದೊಂದಾಗಿ ಬಾಯಿಬಿಟ್ಟು ಓದಿ. ಮುದ್ರಣದವರಿಂದಲೂ ಒಂದೇ ಒಂದು ಪ್ರತಿ ತೆಗೆಸಿ, ಅವರ ಅಂಗಡಿಯಲ್ಲೇ ನಿಂತು ಹಾಗೇ ಓದಿ, ಆಮೇಲೆ ಉಳಿದದ್ದಕ್ಕೆ ಹೇಳಿ.