ಕುವೈತ್‌ಗೆ ಹೊರಡುವ ಮೊದಲು ಇದನ್ನು ಓದಿ, ತಂಗಿ

"ನನಗೆ 27 ವರ್ಷ, ಒಂಬತ್ತನೇ ಕ್ಲಾಸ್ ಓದಿದ್ದೇನೆ. ಕುವೈತ್‌ನಲ್ಲಿ ಮನೆಕೆಲಸ, ಒಂದು ಪೈಸೆ ಕೊಡೋದು ಬೇಡ, ದುಬೈವರೆಗೆ ವಿಸಿಟ್ ವೀಸಾದಲ್ಲಿ ಹೋಗಿ ಅಂತ ಏಜೆಂಟ್ ಹೇಳ್ತಾನೆ. ಅಲ್ಲಿ ಜೀವನ ಹೇಗಿದೆ ಅಕ್ಕ?" ಅಂತ ಕೇಳಿದ್ದೀರಿ. ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ನಾನು ಇಲ್ಲಿ ನರ್ಸ್. ಬಂದು 19 ವರ್ಷ ಆಯಿತು. ನನಗೆ ಈ ಊರಿಂದ ಒಳ್ಳೆಯದೇ ಆಗಿದೆ. ಇಲ್ಲಿ ದುಡಿದೇ ಊರಲ್ಲಿ ಮನೆ ಕಟ್ಟಿದೆ. ಆದರೆ ನಾನು ಬಂದ ದಾರಿ ಬೇರೆ, ನಿಮಗೆ ತೋರಿಸುತ್ತಿರುವ ದಾರಿ ಬೇರೆ.

ಪೈಸೆ ಬೇಡ ಅಂದನಲ್ಲ, ನನಗೆ ಭಯ ಆಗಿದ್ದೇ ಅಲ್ಲಿ. ನೀವು ಕೊಡದಿದ್ದರೆ ಬೇರೆ ಯಾರೋ ಕೊಡ್ತಾರೆ. ಇಲ್ಲಿನ ಮನೆಯವರು ಕೆಲಸದವರನ್ನು ತರಿಸುವ ಆಫೀಸಿಗೆ ದೊಡ್ಡ ಮೊತ್ತ ಕಟ್ಟುತ್ತಾರೆ. ನಿಮ್ಮ ಏಜೆಂಟಿಗೆ ಪಾಲು ಬರುವುದು ಆ ದುಡ್ಡಿಂದಲೇ. ನಾಳೆ ನೀವು ಊರಿಗೆ ಹೋಗ್ತೀನಿ ಅಂದರೆ, "ನಾನು ಕಟ್ಟಿದ್ದು ವಾಪಸ್ ಕೊಡು" ಅನ್ನುವ ಮಾಲೀಕರಿದ್ದಾರೆ. ಪಾಸ್‌ಪೋರ್ಟ್ ಅವರ ಬೀರುವಿನಲ್ಲಿರುತ್ತದೆ. ನಿಮ್ಮ ವೀಸಾ ನಿಂತಿರುವುದೂ ಅವರ ಹೆಸರಿನ ಮೇಲೆಯೇ. ಓಡಿಹೋದರೆ 'ಪರಾರಿ' ಅಂತ ದೂರು ಕೊಡುತ್ತಾರೆ. ಆಗ ಪೊಲೀಸರು ಹಿಡಿಯುವುದು ನಿಮ್ಮನ್ನೇ. ಸಾಲ ತೀರುವವರೆಗೆ ಜೀತಕ್ಕೆ ಇಟ್ಟುಕೊಳ್ಳುತ್ತಿದ್ದರಲ್ಲ ನಮ್ಮ ಕಡೆ, ಇದೂ ಅದೇ. ಎಲ್ಲ ಮನೆಯೂ ಹೀಗಲ್ಲ. ಆದರೆ ಯಾವ ಮನೆ ಸಿಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ.

ಒಮ್ಮೆ ಕೈ ಸುಟ್ಟುಕೊಂಡ ಒಬ್ಬ ಹುಡುಗಿಯನ್ನು ನಮ್ಮಲ್ಲಿಗೆ ಕರೆತಂದರು. ಏನು ಕೇಳಿದರೂ ಪಕ್ಕದಲ್ಲಿದ್ದ ಮನೆಯೊಡತಿಯೇ ಉತ್ತರ ಕೊಡುತ್ತಿದ್ದರು. ಬ್ಯಾಂಡೇಜ್ ಕಟ್ಟುತ್ತಾ ಮೆಲ್ಲಗೆ ಕನ್ನಡದಲ್ಲಿ "ಯಾವೂರಮ್ಮ?" ಅಂದೆ. ಆ ಹುಡುಗಿ ನನ್ನ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ. ಬಂದು ಹನ್ನೊಂದು ತಿಂಗಳಾಗಿತ್ತಂತೆ. ಮನೆ ಯಾವ ಏರಿಯಾದಲ್ಲಿದೆ ಅಂತ ಕೇಳಿದೆ. "ಗೊತ್ತಿಲ್ಲಕ್ಕ, ಹೊರಗೆ ಬಿಡಲ್ಲ" ಅಂದಳು. ಸಹಾಯ ಮಾಡಬೇಕು ಅಂದರೂ ಎಲ್ಲಿಗೆ ಅಂತ ಹೋಗುವುದು, ಹೇಳಿ?

ಇಲ್ಲಿ ಕಾನೂನು ಇಲ್ಲ ಅಂತಲ್ಲ. 2015ರಲ್ಲಿ ಮನೆಕೆಲಸದವರಿಗೆಂದೇ ಕಾನೂನು ಬಂತು. ದಿನಕ್ಕೆ 12 ಗಂಟೆಗಿಂತ ಜಾಸ್ತಿ ದುಡಿಸಬಾರದು, ವಾರಕ್ಕೊಂದು ರಜೆ ಕೊಡಬೇಕು. ಆಮೇಲೆ ಕನಿಷ್ಠ ಸಂಬಳ 60 ದಿನಾರ್ ಅಂತಲೂ ಗೊತ್ತುಮಾಡಿದರು. ಆದರೆ ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತಿದೆ ಅಂತ ಯಾರು ನೋಡ್ತಾರೆ?

ನಮ್ಮ ದೇಶದ ನಿಯಮವನ್ನೂ ತಿಳಿದುಕೊಳ್ಳಿ. ಹತ್ತನೇ ಕ್ಲಾಸ್ ಪಾಸಾಗದವರದು ಇಸಿಆರ್ ಪಾಸ್‌ಪೋರ್ಟ್, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ತಪಾಸಣೆ ಆಗಲೇಬೇಕಾದ ಪಾಸ್‌ಪೋರ್ಟ್. ಅಂಥ ಹೆಣ್ಣುಮಕ್ಕಳು ಗಲ್ಫ್ ದೇಶಗಳಿಗೆ ಮನೆಕೆಲಸಕ್ಕೆ ಹೋಗಬೇಕಾದರೆ 30 ವರ್ಷ ತುಂಬಿರಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. ಇದನ್ನು ತಪ್ಪಿಸಲಿಕ್ಕೇ ಅವನು ವಿಸಿಟ್ ವೀಸಾ, ದುಬೈ ಅಂತ ಸುತ್ತು ಹಾಕಿಸುತ್ತಿರುವುದು. ಹಾಗೆ ಬಂದರೆ ಸರ್ಕಾರದ ಯಾವ ಲೆಕ್ಕದಲ್ಲೂ ನೀವು ಇರುವುದಿಲ್ಲ. ಓಡಿಬಂದ ಹೆಣ್ಣುಮಕ್ಕಳಿಗೆ ಇಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ಉಳಿಯಲು ಜಾಗ ಇದೆ, ನಿಜ. ಆದರೆ ಅಲ್ಲಿಗೆ ತಲುಪುವುದೇ ಕಷ್ಟ.

ಏಜೆಂಟನ ಲೈಸೆನ್ಸ್ ನಂಬರ್ ಕೇಳಿ. ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ಅವನ ಹೆಸರಿದೆಯಾ ನೋಡಿ. ಪಾಸ್‌ಪೋರ್ಟ್ ಈಗಾಗಲೇ ಅವನ ಕೈಗೆ ಕೊಟ್ಟಿದ್ದರೆ ಇವತ್ತೇ ಹೋಗಿ ಇಸ್ಕೊಂಡು ಬನ್ನಿ. ಒಬ್ಬರೇ ಹೋಗಬೇಡಿ, ಮನೆಯವರನ್ನು ಜೊತೆಗೆ ಕರ್ಕೊಂಡು ಹೋಗಿ. ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ನನಗೊಂದು ಮಾತು ಬರೆಯಿರಿ, ಕಾಯ್ತಾ ಇರ್ತೀನಿ.