ಗೋಡೆ ಮುಟ್ಟುವವರೆಗೆ

ಹನುಮಂತನಗರದ ಓದುಗರೊಬ್ಬರು ಹಿಂದಿನ ಸಂಚಿಕೆಯ ಕಥೆಯನ್ನು ಕುರಿತು ಹೀಗೆ ಬರೆದಿದ್ದಾರೆ: “2014ರಲ್ಲಿ ಗೆಳತಿಗೆ ಒಂದು ಮಾತೂ ಹೇಳದೆ ಬೆಂಗಳೂರು ಬಿಟ್ಟ ಈಜುಗಾರ್ತಿ ಒಂಬತ್ತು ವರ್ಷಗಳ ಮೇಲೆ ಮರಳಿ ಬರುತ್ತಾಳೆ, ಒಮ್ಮೆಯೂ ಕ್ಷಮೆ ಕೇಳದೆ ಅವಳ ಪ್ರೀತಿಯನ್ನು ಮತ್ತೆ ಪಡೆಯುತ್ತಾಳೆ. ಇಬ್ಬರೂ ಹೆಣ್ಣುಮಕ್ಕಳೆಂಬುದಕ್ಕೆ ನನ್ನ ತಕರಾರಿಲ್ಲ. ಎರಡನೆಯ ಅವಕಾಶ ಇಷ್ಟು ಸುಲಭವಾಗಿ ಸಿಗಬಹುದೇ?”

ಮಾನ್ಯರೇ, ನಿಮ್ಮ ಪತ್ರ ಬಂದ ಮೇಲೆ ಕಥೆಯನ್ನು ಇನ್ನೊಮ್ಮೆ ಓದಿದೆ. ಅವಳು ಕ್ಷಮೆ ಕೇಳಿದ್ದಾಳೆಂದೇ ನನ್ನ ನಂಬಿಕೆ. ನಾಲ್ವರು ಒಬ್ಬರಾದ ಮೇಲೊಬ್ಬರು ಈಜುವ ರಿಲೇಯಲ್ಲಿ ಸರದಿಗಾಗಿ ಕಾಯುವವಳು ಬ್ಲಾಕಿನ, ಅಂದರೆ ನೀರಿಗೆ ಹಾರುವ ಕಟ್ಟೆಯ, ಮೇಲೆ ತೋಳು ಬೀಸಬಹುದು, ಮುಂದಕ್ಕೆ ಬಾಗಬಹುದು; ಆದರೆ ನೀರಿನಲ್ಲಿರುವವಳು ಗೋಡೆ ಮುಟ್ಟುವ ಮೊದಲೇ ಕಾಲು ಬ್ಲಾಕನ್ನು ಬಿಟ್ಟರೆ ಇಡೀ ತಂಡ ಅನರ್ಹವಾಗುತ್ತದೆ. ಸೆಕೆಂಡಿನ ಹತ್ತರಲ್ಲೊಂದು ಪಾಲು ತಡವಾದರೂ ಪದಕ ಕೈತಪ್ಪಬಹುದು. ಆದ್ದರಿಂದ ಅವಳ ಕಣ್ಣು ಬರುವವಳ ಕೊನೆಯ ಎರಡು ಮೂರು ಸ್ಟ್ರೋಕುಗಳ ಮೇಲೇ ಇರುತ್ತದೆ, ಮತ್ತು ಆ ತೋಳಿನ ಅಂದಾಜು ವರ್ಷಗಟ್ಟಲೆ ಒಟ್ಟಿಗೆ ಈಜಿದವರಿಗೆ ಮಾತ್ರ ಸಿಕ್ಕೀತು. 2014ರ ರಿಲೇಯಲ್ಲಿ ಅವಳು ಗೆಳತಿಯ ಕೈ ಗೋಡೆಗೆ ತಾಗುವ ಮೊದಲೇ ಹಾರಿದ್ದಳು. ಈಗ, ನಾಲ್ವರ ವಯಸ್ಸನ್ನು ಕೂಡಿ ಗುಂಪು ನಿರ್ಧರಿಸುವ, ವಯಸ್ಕ ಈಜುಗಾರರ ಮಾಸ್ಟರ್ಸ್ ರಿಲೇಯಲ್ಲಿ, ಕಾಲ್ಬೆರಳುಗಳನ್ನು ಬ್ಲಾಕಿನ ಅಂಚಿಗೆ ಬಿಗಿದು ನಿಲ್ಲುತ್ತಾಳೆ. ಗೆಳತಿಯ ಅಂಗೈ ಗೋಡೆಗೆ ಬಡಿದ ಸದ್ದು ಕೇಳಿದ ಮೇಲೂ ಅರೆಕ್ಷಣ ಅಲ್ಲಾಡುವುದಿಲ್ಲ. ಪಕ್ಕದ ಲೇನಿನವರು ಆಗಲೇ ನೀರಿನಲ್ಲಿದ್ದಾರೆ. ಈ ಸಾಲುಗಳನ್ನು ಓದುವಾಗ ನನಗೆ ಗಂಟಲು ಕಟ್ಟಿತು.

ಇನ್ನು ಎರಡನೆಯ ಅವಕಾಶದ ಮಾತು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಮನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2013ರ ಡಿಸೆಂಬರಿನಲ್ಲಿ. ಇವರು ಅಗಲಿದ್ದು ಅದರ ಮರುವರ್ಷ. ಆ ತೀರ್ಪು ಬದಲಾಗಲು 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು. 2019ರಲ್ಲಿ ಓಟಗಾರ್ತಿ ದ್ಯುತಿ ಚಾಂದ್ ತಾವು ಹೆಣ್ಣೊಬ್ಬಳನ್ನು ಪ್ರೀತಿಸುತ್ತಿರುವುದಾಗಿ ಬಹಿರಂಗವಾಗಿ ಹೇಳಿದಾಗ, ನಮ್ಮ ಕಥಾನಾಯಕಿ ಆ ಸುದ್ದಿಯನ್ನು ಕತ್ತರಿಸಿ ಈಜುಡುಗೆಯ ಚೀಲದಲ್ಲಿ ಇಟ್ಟುಕೊಳ್ಳುತ್ತಾಳೆ. ಹತ್ತೊಂಬತ್ತರ ಹರೆಯದಲ್ಲಿ ಹಾಸ್ಟೆಲಿನ ಗೋಡೆಗೂ ಅಂಜಿ ಪಿಸುಗುಟ್ಟುತ್ತಿದ್ದ ಇಬ್ಬರಿಗೆ ಮೊದಲ ಅವಕಾಶವೆಂಬುದು ಸಿಕ್ಕಿತ್ತೆಂದು ಹೇಳಲು ನನಗೆ ಮನಸ್ಸು ಬಾರದು.

ಒಂದು ವಿಷಯದಲ್ಲಿ ನಿಮ್ಮ ಅಸಮಾಧಾನ ನ್ಯಾಯವಾದದ್ದು. ಊರಿನಲ್ಲೇ ಉಳಿದವಳು ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾ ಕಳೆದ ಒಂಬತ್ತು ವರ್ಷಗಳು ಒಂದೇ ಪ್ಯಾರಾದಲ್ಲಿ ಮುಗಿದುಹೋಗಿವೆ. ಇನ್ನೆರಡು ಪುಟ ಬರೆದುಕೊಡಿ ಎಂದು ಲೇಖಕಿಯನ್ನು ನಾನು ಕೇಳಬೇಕಿತ್ತು. ಕೇಳದೇ ಹೋದದ್ದು ನನ್ನ ತಪ್ಪು.

ಆದರೆ ಅವಳು ಸುಲಭವಾಗಿ ಒಪ್ಪಿದಳೆಂಬುದನ್ನು ನಾನು ಒಪ್ಪಲಾರೆ. ಕೊನೆಯ ದೃಶ್ಯವನ್ನು ದಯವಿಟ್ಟು ಮತ್ತೊಮ್ಮೆ ನೋಡಿ. ಗಾಂಧಿಬಜಾರಿನ ಹೋಟೆಲಿನಲ್ಲಿ, ಇನ್ನೂ ಒದ್ದೆಯಾದ ಕೂದಲಲ್ಲಿ ಕೂತು, ಮರಳಿ ಬಂದವಳು ಹಳೆಯ ರೂಢಿಯಂತೆ “ಬೈ ಟು ಕಾಫಿ” ಎನ್ನುತ್ತಾಳೆ. ಇವಳು ಮಾಣಿಯನ್ನು ತಡೆದು ಹೇಳುತ್ತಾಳೆ: “ಬೈ ಟು ಬೇಡ. ಎರಡು ಫುಲ್ ಕೊಡಿ.”

— ಸಂಪಾದಕ